ಮುತ್ಯಾನ ಜೀಪಿಗೆ ಬಣ್ಣ ಬೇಡ

ಹಳೆಯ ಹಿಂದಿ ಸಿನಿಮಾದಲ್ಲಿ ನಾಯಕ ಹಾಡುತ್ತ ಬರುವ ಕಾರಿಗೆ ಛಾವಣಿ ಇರುವುದಿಲ್ಲ. ಉದ್ದ ಮೂತಿ, ಬಿಳಿ ಅಂಚಿನ ಟೈರು, ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದ ಎರಡು ಮೂಲೆ. ಬಟ್ಟೆಯ ಹುಡ್ ಮಡಚಿಕೊಂಡು ಹಿಂದೆ ಅಡಗಿರುತ್ತದೆ. ಅಂಥ ಕಾರು ಹೆಚ್ಚಾಗಿ ಅಮೆರಿಕದ್ದೇ. ಕನ್ವರ್ಟಿಬಲ್ ಎಂದು ಅದರ ಹೆಸರು. ಮಳೆ ಬಂದರೆ ಮುಚ್ಚಿದ ಕಾರು, ಬಿಸಿಲು ಇಳಿದರೆ ತೆರೆದ ಕಾರು.

ಈಗಲೂ ಅವುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅವರ ನಡುವೆ ಒಂದು ವಿಚಿತ್ರ ಲೆಕ್ಕವಿದೆ. ಮಿರಮಿರ ಮಿಂಚುವಂತೆ ಹೊಸ ಬಣ್ಣ ಬಳಿದ ಕಾರಿಗಿಂತ, ಬಣ್ಣ ಮಾಸಿದರೂ ಕಾರ್ಖಾನೆಯಿಂದ ಬಂದಂತೆಯೇ ಉಳಿದ ಕಾರನ್ನು ಅವರು ಎಷ್ಟೋ ಸಲ ಮೇಲೆಂದು ಎಣಿಸುತ್ತಾರೆ. ಮನೆಯ ಹಳೆಯ ಸಾಮಾನನ್ನು ಗುಜರಿಗೆ ಹಾಕುವ ಮುನ್ನ, ಅಥವಾ ‘ಹೊಸದರಂತೆ’ ಮಾಡಿಸುವ ಮುನ್ನ, ಈ ಲೆಕ್ಕವನ್ನು ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. ವಿಜಯಪುರ ಜಿಲ್ಲೆಯ ಆಲಮೇಲದಂಥ ಊರಿನಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಮೊದಲು ಎಲ್ಲ ಕಾರುಗಳೂ ತೆರೆದವೇ ಆಗಿದ್ದವು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಹೆಚ್ಚಾಗಿ ಕ್ಯಾನ್ವಾಸ್ ಹುಡ್ಡಿನಲ್ಲೇ ಓಡಾಡಿತು. ಮುಚ್ಚಿದ ಕಾರೆಂದರೆ ಶ್ರೀಮಂತರದ್ದು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಮುಚ್ಚಿದ ಬಾಡಿಯನ್ನು ಅಗ್ಗವಾಗಿ ಮಾಡಲು ಕಲಿತವು. ಅಲ್ಲಿಗೆ ಲೆಕ್ಕ ತಲೆಕೆಳಗಾಯಿತು. ತೆರೆದ ಕಾರು ಬಡತನದ ಗುರುತಾಗಿ ಉಳಿಯದೆ ಶೋಕಿಯ ವಸ್ತುವಾಯಿತು. 1939ರ ಪ್ಲಿಮತ್ ಕಾರಿನಲ್ಲಿ ಛಾವಣಿ ಕೈ ಹಚ್ಚದೆ ತಾನಾಗಿ ಏಳುತ್ತಿತ್ತು. 1957ರ ಫೋರ್ಡ್ ಸ್ಕೈಲೈನರಿನಲ್ಲಂತೂ ಉಕ್ಕಿನ ಛಾವಣಿಯೇ ಮಡಚಿ ಡಿಕ್ಕಿಯೊಳಗೆ ಇಳಿಯುತ್ತಿತ್ತು. ಸಿನಿಮಾದವರ ಅಚ್ಚುಮೆಚ್ಚಿನ ಷೆವರ್ಲೆ ಇಂಪಾಲಾ ಬಂದದ್ದು 1958ರಲ್ಲಿ.

ಅಮೆರಿಕದ ಕಾರಿಗೂ ಭೀಮಾ ದಂಡೆಯ ಸೀಮೆಗೂ ಏನು ಸಂಬಂಧ ಎಂದು ಕೇಳಬಹುದು. 1956ರ ನವೆಂಬರ್ 1ರ ತನಕ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲೇ ಕಾರು ಜೋಡಿಸಲು ಶುರುಮಾಡಿದ್ದವು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಹಟ ಹಿಡಿದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಒಬ್ಬರು ಸರ್ ಎಂ. ವಿಶ್ವೇಶ್ವರಯ್ಯ, ಇದಕ್ಕಾಗಿ 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದರು. ಇನ್ನೊಬ್ಬರು ವಾಲ್‌ಚಂದ್ ಹೀರಾಚಂದ್. ಅವರು ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ! ಇಂಡಿ, ಸಿಂದಗಿ ಕಡೆಯವರು ಸಂತೆ, ದವಾಖಾನೆ, ಮದುವೆ ಬಟ್ಟೆಗೆಂದು ಹೋಗುವ ಅದೇ ಸೊಲ್ಲಾಪುರ. ಬ್ರಿಟಿಷ್ ಸರ್ಕಾರ ಬೆಂಬಲ ಕೊಡದಿದ್ದರೂ ಅವರು ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಡಾಡ್ಜ್, ಪ್ಲಿಮತ್, ಡಿಸೋಟೊ ಹೆಸರಿನ ಕಾರುಗಳು, ಫಾರ್ಗೊ ಲಾರಿಗಳು ಆ ಕಾರ್ಖಾನೆಯಿಂದ ಹೊರಬಿದ್ದವು.

ಬರೀ ಬಿಡಿಭಾಗ ತಂದು ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದು ಸ್ವತಂತ್ರ ಭಾರತದ ಸರ್ಕಾರ ಹೇಳಿದ ಮೇಲೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ 1950ರ ದಶಕದ ಮೊದಲರ್ಧದಲ್ಲಿ ಬಾಗಿಲು ಹಾಕಿದವು. ಹೀಗಾಗಿ ಛಾವಣಿ ಮಡಚುವ ದೊಡ್ಡ ಅಮೆರಿಕನ್ ಕಾರುಗಳು ಅರಮನೆಗಳಲ್ಲಿ, ದೊಡ್ಡ ಸಾಹುಕಾರರ ಮನೆಗಳಲ್ಲಿ ಉಳಿದವೇ ಹೊರತು ಹಳ್ಳಿಯ ದಾರಿಗೆ ಇಳಿಯಲಿಲ್ಲ. ಹಳ್ಳಿಗೆ ಬಂದದ್ದು ಅವುಗಳ ಬಡ ಸೋದರ.

ಜೀಪು! ಅದೂ ಅಮೆರಿಕದ್ದೇ. 1941ರಿಂದ ಯುದ್ಧಕ್ಕಾಗಿ ವಿಲ್ಲಿಸ್ ಕಂಪನಿ ಮಾಡಿದ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಕ್ಯಾನ್ವಾಸ್ ಹುಡ್ಡು, ಬೇಕೆಂದರೆ ಬಾನೆಟ್ಟಿನ ಮೇಲೆ ಮಲಗುವ ಮುಂದಿನ ಗಾಜು, ಬಾಗಿಲೂ ಇಲ್ಲ. ಕನ್ವರ್ಟಿಬಲ್ ಎಂಬ ಮಾತು ಇದಕ್ಕೆ ಒಪ್ಪದೇ ಹೋದೀತೇ? ಇದೇ ವಿಲ್ಲಿಸ್ ಕಂಪನಿ 1948ರಲ್ಲಿ ಜೀಪ್‌ಸ್ಟರ್ ಎಂಬ ಶೋಕಿಯ ತೆರೆದ ಕಾರನ್ನೂ ಮಾಡಿತ್ತು. ಬಹಳ ದಿನ ನಡೆಯಲಿಲ್ಲ, ಮಾತು ಬೇರೆ. ಭಾರತದಲ್ಲಿ ಮನೆಮಾತಾದ ಮಾದರಿಯ ಹೆಸರು ಸಿಜೆ-3ಬಿ. ಅದರ ಬಾನೆಟ್ಟು ಎತ್ತರ, ನೋಡಿದರೆ ಹಣೆ ದೊಡ್ಡದಾದ ಮನುಷ್ಯನ ಹಾಗೆ. ಕಾರಣ, ಒಳಗಿನ ‘ಹರಿಕೇನ್’ ಪೆಟ್ರೋಲ್ ಎಂಜಿನ್. ಗಾಳಿ-ಇಂಧನ ಒಳಗೆ ಬಿಡುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಹಾಕುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಮೇಲಿನ ವಾಲ್ವಿಗೆ ಜಾಗ ಬೇಕಲ್ಲ, ಬಾನೆಟ್ಟು ಏರಿತು. ಡಿಪ್ಲೊಮಾ ಓದುವ ಹುಡುಗರು ಇಂಥ ಎಂಜಿನ್ ಒಂದನ್ನು ಬಿಚ್ಚಿ ನೋಡಿದರೆ ಪುಸ್ತಕದ ಎರಡು ಅಧ್ಯಾಯ ಒಮ್ಮೆಗೇ ತಿಳಿಯುತ್ತದೆ.

ಆಲಮೇಲದ ಒಂದು ಒಕ್ಕಲುತನದ ಮನೆಯಲ್ಲಿ ಇಂಥ ಜೀಪೊಂದು ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. 1960ರ ದಶಕದ್ದು; ಕಾಗದದ ಮೇಲಿನ್ನೂ ಮೈಸೂರು ರಾಜ್ಯದ ನಂಬರು. ಮನೆಯ ಮುತ್ಯಾ ಅದನ್ನು ಸಂತೆಗೂ ಹೊಲಕ್ಕೂ ಓಡಿಸಿದ್ದರು. ಪೆಟ್ರೋಲು ದುಬಾರಿಯಾದಾಗ ಉಳಿದವರೆಲ್ಲ ತಮ್ಮ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಮುತ್ಯಾ ಜಿಪುಣರು. ಅದಕ್ಕೂ ದುಡ್ಡು ಬಿಚ್ಚದೆ ಗಾಡಿ ಮುಚ್ಚಿಟ್ಟು ಬಸ್ಸು ಹತ್ತಿದರು. ಆ ಜಿಪುಣತನವೇ ಜೀಪನ್ನು ಕಾಪಾಡಿತು.

ಮೊಮ್ಮಗ ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಆ ವರ್ಷ ತೊಗರಿ ಕೈಕೊಟ್ಟಿತ್ತು. ಫೀ ಕಟ್ಟುವ ದಿನ ಹತ್ತಿರ ಬಂತು. ಜೀಪು ಮಾರುವುದೆಂದು ಅಪ್ಪ ತೀರ್ಮಾನಿಸಿ, ಮಾರುವ ಮೊದಲು ಕೆಂಪು ಬಣ್ಣ ಹೊಡೆಸಿ, ಹೊಸ ಸೀಟು ಹಾಕಿಸಿದರೆ ನಾಲ್ಕು ದುಡ್ಡು ಹೆಚ್ಚು ಬಂದೀತು ಎಂದುಕೊಂಡರು.

“ಬಣ್ಣಾ ಹೊಡಸಬ್ಯಾಡಪ್ಪ” ಎಂದ ಮಗ.

“ಹಿಂಗ ಮಾಸಿದ್ದನ್ನ ಯಾವನು ತಗೋತಾನೋ? ಗುಜರಿಯವನೂ ಮುಟ್ಟಾಂಗಿಲ್ಲ.”

ಸಿಂದಗಿಯಿಂದ ಕರೆಸಿದ ಮುದುಕ ಮಿಸ್ತ್ರಿ ಒಂದು ಸುತ್ತು ಹಾಕಿ, ಬಾನೆಟ್ಟು ಎತ್ತಿ, ಬೆರಳಿನಿಂದ ಧೂಳು ಒರೆಸಿ ನೋಡಿ ಹುಡುಗನ ಪಕ್ಷ ಹಿಡಿದ. “ಗೌಡ್ರ, ಕಾರಖಾನಿ ಬಣ್ಣಾ ಇನ್ನೂ ಐತ್ರಿ ಇದರದು. ಎಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ. ಒಮ್ಮೆ ಕೆರದು ಹಾಕಿದ್ರ ಈ ಬಣ್ಣಾ ಮತ್ತ ಬರಾಂಗಿಲ್ರಿ.”

ಹಳೆ ಗಾಡಿ ಕೊಳ್ಳುವವರೊಬ್ಬರು ಪುಣೆಯಿಂದ ಬಂದರು. ಅವರು ನೋಡಿದ ರೀತಿಯೇ ಒಂದು ಪಾಠ. ಸೀಟು, ಬಣ್ಣ, ಹಾರ್ನು ಯಾವುದನ್ನೂ ಮೊದಲು ನೋಡಲಿಲ್ಲ. ಕಾಗದ ಕೇಳಿದರು. ಮುತ್ಯಾನ ಟ್ರಂಕಿನಲ್ಲಿದ್ದ ಹಳದಿ ಬಿದ್ದ ಆರ್‌ಸಿ ಪುಸ್ತಕ ತೆರೆದು, ಅದರಲ್ಲಿದ್ದ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ನಂಬರುಗಳ ಜೊತೆ ಬ್ಯಾಟರಿ ಹಿಡಿದು ಒಂದೊಂದೇ ಅಂಕಿ ತಾಳೆ ನೋಡಿದರು. ಆಮೇಲೆ ಗೋಣಿತಟ್ಟು ಹಾಸಿ ಗಾಡಿಯಡಿ ಮಲಗಿದರು. ಅಲ್ಲಿ ಅರ್ಧ ತಾಸು!

ಕೆಳಗೆ ನೋಡುವುದೇಕೆ? ವಿಜಯಪುರದ ಕಡೆ ಮಳೆ ಕಡಿಮೆ, ಗಾಳಿ ಒಣ. ಕರಾವಳಿಯ ಉಪ್ಪುಗಾಳಿಯಲ್ಲಿ ತಿಂದುಹೋಗುವ ತಗಡು ಇಲ್ಲಿ ಬಹುಕಾಲ ಬಾಳುತ್ತದೆ. ಆದರೆ ಮಳೆಗಾಲದ ಯರಿ ಮಣ್ಣು ಚಾಸಿಯ ಸಂದುಗಳಲ್ಲಿ ಮೆತ್ತಿಕೊಂಡರೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ತುಕ್ಕು ಅಲ್ಲಿಂದ ಶುರು. ಒಣ ಹವೆಗೆ ಬೇರೆ ದೋಷವೂ ಇದೆ. ಬಿಸಿಲು ರಬ್ಬರನ್ನು ಸೀಳುತ್ತದೆ, ಹುಡ್ಡಿನ ದಾರವನ್ನು ಸುಡುತ್ತದೆ, ಟೈರು ತೇಯದೆಯೇ ಸಾಯುತ್ತದೆ. ತಗಡು ಗಟ್ಟಿ, ಬಟ್ಟೆ ಲಡ್ಡು ಎಂಬ ಗಾಡಿ ಕೊಳ್ಳಲು ಒಳ್ಳೆಯದು. ಬಟ್ಟೆಯನ್ನು ಮತ್ತೆ ಹೊಲಿಸಬಹುದು.

ಇಂಪಾಲಾದಂಥ ದೊಡ್ಡ ಕಾರು ಕೊಳ್ಳುವವರು ಇನ್ನೂ ಒಂದು ಪರೀಕ್ಷೆ ಮಾಡುತ್ತಾರೆ. ಛಾವಣಿಯಿಲ್ಲದ ಕಾರಿಗೆ ಮೇಲಿನಿಂದ ಹಿಡಿದು ನಿಲ್ಲಿಸುವವರಿಲ್ಲ. ಭಾರವೆಲ್ಲ ಕೆಳಗಿನ ಚೌಕಟ್ಟಿನ ಮೇಲೆ. ಅದು ಸೋತಿದ್ದರೆ ಕಾರು ನಡುವೆ ಜೋತು ಬೀಳುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಬಾಗಿಲಿನ ಸುತ್ತಲ ಸಂದು ಮೇಲೂ ಕೆಳಗೂ ಒಂದೇ ಅಳತೆಯಲ್ಲಿದೆಯೇ ನೋಡಿ, ಜ್ಯಾಕು ಕೊಟ್ಟು ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿದರೆ ಕಾರು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಮೋಸವೂ ಉಂಟು. ಸಾಮಾನ್ಯ ಕಾರಿನ ತಲೆ ಕತ್ತರಿಸಿ ಕನ್ವರ್ಟಿಬಲ್ ಎಂದು ಮಾರುವವರಿದ್ದಾರೆ. ಆ ಕಾಲದ ಷೆವರ್ಲೆಯಲ್ಲಿ ಬಾಡಿಗೆ ಹೊಡೆದ ತಟ್ಟೆಯ ಮೇಲಿನ ಮಾದರಿ ಸಂಖ್ಯೆ 67ರಲ್ಲಿ ಮುಗಿದರೆ ಮಾತ್ರ ಹುಟ್ಟಾ ಕನ್ವರ್ಟಿಬಲ್.

ಜೀಪಿನ ಅಡಿಯಿಂದ ಎದ್ದು ಬಂದ ಪುಣೆಯವರು ಹೇಳಿದ ಬೆಲೆ, ಬಣ್ಣ ಹೊಡೆಸಿದ ಮೇಲೆ ಅಪ್ಪ ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿತ್ತು. ಒಂದೇ ಷರತ್ತು: ಕೊಳ್ಳುವ ತನಕ ಏನನ್ನೂ ಮುಟ್ಟಬಾರದು. ಮಾಸಿದ್ದಕ್ಕೂ ಬೆಲೆ ಉಂಟು ಎಂಬುದನ್ನು ಅಪ್ಪನ ಮನಸ್ಸು ಒಪ್ಪಲು ಒಂದು ಸಂಜೆ ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಆಯಿ ಅಂದರು: “ನೀ ಹುಟ್ಟೂ ಮುಂದ ನಿಮ್ಮಪ್ಪ ನನ್ನ ಇದರಾಗ ಸೊಲ್ಲಾಪುರ ದವಾಖಾನಿಗೆ ಒಯ್ದಿದ್ರು. ಹುಡ್ಡು ಹರದಿತ್ತು, ಮಳಿ. ದಾರಿತುಂಬಾ ಛತ್ರಿ ಹಿಡದು ಕುಂತಿದ್ದೆ.” ಮಾರಬೇಡ ಎಂದೇನೂ ಆಕೆ ಹೇಳಲಿಲ್ಲ.

ಹಾಗಾದರೆ ಇಂಥ ಗಾಡಿಯನ್ನು ಮುಟ್ಟದೆ ಮುಚ್ಚಿಟ್ಟರೆ ಸಾಕೇ? ಸಾಲದು. ಅಮೆರಿಕದ ಟಲ್ಸಾ ಊರಿನವರು 1957ರ ಜೂನ್‌ನಲ್ಲಿ ಹೊಚ್ಚಹೊಸ ಪ್ಲಿಮತ್ ಬೆಲ್ವೆಡೇರ್ ಕಾರೊಂದನ್ನು ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಹೂತಿಟ್ಟರು. ಐವತ್ತು ವರ್ಷದ ನಂತರ ತೆಗೆದು, 2007ರಲ್ಲಿ ಊರಿನ ಜನಸಂಖ್ಯೆ ಎಷ್ಟಿರುತ್ತದೆಂದು ಸರಿಯಾಗಿ ಊಹಿಸಿದವರಿಗೆ ಕೊಡುವುದೆಂದು ಪಂದ್ಯ. ಆ ಕಾಲಕ್ಕೆ ಪೆಟ್ರೋಲೇ ಸಿಗದಿದ್ದರೆ ಎಂದು ಜೊತೆಗೆ ಪೆಟ್ರೋಲ್ ಡಬ್ಬಗಳನ್ನೂ ಇಟ್ಟಿದ್ದರು! 2007ರ ಜೂನ್‌ನಲ್ಲಿ ತೆರೆದಾಗ ಕಂಡದ್ದು ಕೆಸರು ಮೆತ್ತಿದ, ತುಕ್ಕು ತಿಂದ ಮುದ್ದೆ. ನೆಲಮಾಳಿಗೆಗೆ ನೀರು ಹೊಕ್ಕಿತ್ತು. ಐವತ್ತು ವರ್ಷ ಯಾರೂ ಇಣುಕಿ ನೋಡಿರಲಿಲ್ಲ.

ನಿಂತ ಗಾಡಿ ನಿಂತಲ್ಲೇ ಕೆಡುತ್ತದೆ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರು ಕಟ್ಟುತ್ತದೆ, ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ವೈರನ್ನು ಇಲಿ ಕಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ ಎಂಜಿನ್ ಪೂರಾ ಬಿಸಿಯಾಗುವ ತನಕ ಓಡಿಸಬೇಕು. ಎರಡು ನಿಮಿಷ ಗುರುಗುಟ್ಟಿಸಿ ಆರಿಸಿದರೆ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ನೀರು ಉಳಿದು ಇನ್ನಷ್ಟು ಹಾನಿ.

ದುಡ್ಡು ದ್ವಿಗುಣವಾಗುತ್ತದೆಂದು ಹಳೆ ಕಾರು ಕೊಳ್ಳುವವರಿಗೂ ಒಂದು ಕಥೆಯಿದೆ. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಪ್ರಚಾರವಾಯಿತು. ಆ ವರ್ಷ ಸುಮಾರು 14,000 ಕಾರುಗಳು ಖರ್ಚಾದವು. ಎಷ್ಟೋ ಮಂದಿ ಓಡಿಸದೆ ಬೆಲೆ ಏರಲೆಂದು ಬಚ್ಚಿಟ್ಟರು. ಆದರೆ 1982ರಲ್ಲಿ ಕ್ರೈಸ್ಲರ್ ಮತ್ತೆ ಕನ್ವರ್ಟಿಬಲ್ ತಂದಿತು. 1984ರ ಮಾದರಿಯಲ್ಲಿ ಸ್ವತಃ ಕ್ಯಾಡಿಲಾಕ್ ತಂದಿತು. ಬಚ್ಚಿಟ್ಟವರು ಸಿಟ್ಟಾಗಿ ಕೋರ್ಟಿಗೂ ಹೋದರು. ಅದನ್ನು ಊರ ತುಂಬ ಓಡಿಸಿ ಸುಖಪಟ್ಟವರಿಗೆ ಅಂಥ ನಷ್ಟವೇನೂ ಆಗಲಿಲ್ಲ.

ಕಾನೂನಿನ ಮಾತೂ ಅಗತ್ಯ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಡೀಸೆಲ್ ಎಂಜಿನ್ ಕೂರಿಸಿದ ಜೀಪು ಇಲ್ಲಿಗೇ ಹೊರಬಿತ್ತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನಕ್ಕೆ ಹೋಗಿ ಬರಬಹುದು. ಮದುಮಗನ ಮೆರವಣಿಗೆಗೆ ಬಾಡಿಗೆ ಕೊಟ್ಟು ಖರ್ಚು ಹುಟ್ಟಿಸಿಕೊಳ್ಳುವ ಯೋಚನೆಯಿದ್ದವರು ಇದನ್ನು ಮೊದಲೇ ತಿಳಿದಿರಬೇಕು.

ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ನೋಡುವುದಕ್ಕೆ ಅಡ್ಡಿಯಿಲ್ಲ. ಧರ್ಮಸ್ಥಳಕ್ಕೆ ಹೋಗುವ ಕುಟುಂಬಗಳು ದೇವರ ದರ್ಶನ, ಊಟ ಮುಗಿಸಿ ಬಸ್ಸು ಹಿಡಿಯುವ ಅವಸರದಲ್ಲಿರುತ್ತವೆ. ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಹಳೆಯ ಕಾರುಗಳ ಮುಂದೆ ಮಕ್ಕಳಿಗೆ ಒಂದು ತಾಸು ಬಿಟ್ಟುಕೊಡಬೇಕು. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಇದೆ. ಹುಡ್ಡಿನ ಕಮಾನು ಎಲ್ಲಿ ಮಡಚುತ್ತದೆ, ಬಾಗಿಲಿನ ಸಂದು ನೇರವಿದೆಯೇ ಎಂದು ನೋಡಲು ಹೇಳಿದರೆ ಹುಡುಗರು ಬಣ್ಣ ನೋಡಿ ಮುಂದೆ ಓಡುವುದಿಲ್ಲ.

ಆಲಮೇಲದ ಜೀಪು ಈ ವರ್ಷ ಮಾರಾಟವಾಗಲಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀ ಕಟ್ಟಿದರು. ಮಗ ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಟ್ಯಾಂಕು, ಕಾರ್ಬ್ಯುರೇಟರು ತೊಳೆಯುವುದು, ಚಾಸಿಯ ಸಂದಿನ ಒಣಗಿದ ಯರಿ ಮಣ್ಣನ್ನು ಕಟ್ಟಿಗೆಯ ಚೂರಿನಿಂದ ಕೆರೆದು ತೆಗೆಯುವುದು ಎಂದು ಒಪ್ಪಂದವಾಯಿತು. ಪುಣೆಯವರ ಫೋನ್ ನಂಬರು ಆರ್‌ಸಿ ಪುಸ್ತಕದೊಳಗೆ ಇದೆ. ಮುಂದಿನ ವರ್ಷದ ಫೀ ಬಾಕಿ ಇದೆ, ತೊಗರಿ ಹೂ ಬಿಡುತ್ತಿದೆ.