ನಾನೂ ಅಮ್ಮನೂ ಕಟ್ಟಿದ ನಕ್ಷತ್ರ

ತಾಯಿಮಗಳ ಅಕ್ಕರೆಗೆ ಒಂದೊಂದು ಮನೆಯಲ್ಲಿ ಒಂದೊಂದು ನೆಲೆ ಇರುತ್ತದೆ. ಕೆಲವು ಮನೆಗಳಲ್ಲಿ ಅದು ಒಲೆಯ ಮುಂದೆ ಬೆಳೆಯುತ್ತದೆ. ಕೆಲವು ಕಡೆ ಹಾಡುಹಸೆಗಳಲ್ಲಿ. ಇನ್ನು ಕೆಲವು ಕಡೆ ಹೂ ಕಟ್ಟುವ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಅದು ಬೆಳೆದುದು ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾಹಿಟ್ಟಿನ ಅಂಟು, ಈ ಮೂರರ ನಡುವೆ. ವರ್ಷಕ್ಕೊಮ್ಮೆ ಕ್ರಿಸ್ಮಸ್ ಹಬ್ಬಕ್ಕೆ ಮೊದಲು ನಾನೂ ಅಮ್ಮನೂ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕುಳಿತು ಒಂದು ನಕ್ಷತ್ರವನ್ನು ಕಟ್ಟುತ್ತೇವೆ. ಆ ಕೆಲಸದಲ್ಲಿ ನಮ್ಮಿಬ್ಬರ ಪಾಲಿಗೆ ಏನು ಅಡಗಿತ್ತೆಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ. ನನ್ನ ಅವಿವೇಕದಿಂದ ಒಂದು ವರ್ಷ ಅದು ನಿಂತುಹೋದಾಗ ತಿಳಿಯಿತು. ಆ ಸಂಗತಿಯನ್ನು ವಾಚಕರ ಮುಂದೆ ಇಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಈ ಊರಿಗೆ ಬಂದು ೧೮೪೧ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಸಂಗತಿಯು ಕನ್ನಡಿಗರು ಮರೆಯತಕ್ಕುದಲ್ಲ. ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಅಚ್ಚಾಗಿ ಹೊರಬಂದುದು ಅಲ್ಲಿಂದಲೇ. ಅಮ್ಮನ ತಂದೆ, ಎಂದರೆ ನನ್ನ ಅಜ್ಜ, ಆ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಅಂಚು ಕತ್ತರಿಸಿ ಉಳಿದ ಬಣ್ಣದ ಕಾಗದದ ಪಟ್ಟಿಗಳನ್ನು ಮೇಲಿನವರ ಅಪ್ಪಣೆ ಪಡೆದು ಮನೆಗೆ ತರುತ್ತಿದ್ದರಂತೆ. ಮಕ್ಕಳು ಆ ಪಟ್ಟಿಗಳಿಂದ ಸರಪಳಿ ಮಾಡಿ, ಕಡಲ ಕರೆಯಿಂದ ತಂದ ಗಾಳಿಮರದ ಕೊಂಬೆಗೆ ತೋರಣದಂತೆ ಸುತ್ತುತ್ತಿದ್ದರು. ಹೀಗೆ ಅಮ್ಮನ ಹಬ್ಬವು ಮೊದಲಿನಿಂದಲೂ ಪೇಟೆಯಿಂದ ಬಂದುದಲ್ಲ, ಕೈಯಿಂದ ಬಂದುದು.

ಅಜ್ಜನಿಂದ ಅಮ್ಮ ಕಲಿತ ಪಾಠಗಳು ಎರಡು. ಮೊದಲನೆಯದು ಅಂಟು ಕಾಯಿಸುವುದು. ಒಂದು ಲೋಟ ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಐದು ಲೋಟದಷ್ಟು ನೀರು ಕೂಡಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಹಿಟ್ಟಿನ ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ, ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತದ ಪುಡಿಯನ್ನು ಬೆರೆಸಬೇಕು. ಮೈಲುತುತ್ತವು ವಿಷವಾದುದರಿಂದ ಆ ಪಾತ್ರೆ ಅಡಿಗೆಮನೆಯ ಕಡೆ ಸುಳಿಯಕೂಡದು. ಎರಡನೆಯ ಪಾಠವೇನೆಂದರೆ, ಮರಕ್ಕಿರುವಂತೆ ಕಾಗದಕ್ಕೂ ಎಳೆ ಉಂಟು; ಎಳೆಯ ದಿಕ್ಕನ್ನು ನೋಡದೆ ಅಂಟಿಸಿದ ಕಾಗದ ಒಣಗುವಾಗ ಸುಕ್ಕುಗಟ್ಟುತ್ತದೆ. ನಾನು ಏಳು ವರ್ಷದವಳಾಗಿದ್ದಾಗ, ೧೯೭೪ರಲ್ಲಿ, ಮೊದಲ ಬಾರಿ ಅಮ್ಮನ ಎದುರಿಗೆ ಕುಳಿತೆನು. ನನಗೆ ದೊರೆತ ಕೆಲಸ ದಾರದ ಕೊನೆಯನ್ನು ಹಿಡಿದುಕೊಳ್ಳುವುದು ಮಾತ್ರ. ಅದನ್ನೇ ಮಹಾಕಾರ್ಯವೆಂದು ಉಸಿರು ಬಿಗಿಹಿಡಿದು ಮಾಡಿದೆನು.

ನಕ್ಷತ್ರ ಕಟ್ಟುವ ಕ್ರಮವನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ೩೦ ಅಂಗುಲದ ಹತ್ತು ಬಿದಿರಿನ ಕಡ್ಡಿಗಳು, ೫ ಅಂಗುಲದ ಐದು ಕಡ್ಡಿಗಳು, ಇಷ್ಟು ಬೇಕು. ಉದ್ದದ ಕಡ್ಡಿಗಳಲ್ಲಿ ಐದೈದನ್ನು ಒಂದರ ಮೇಲೊಂದು ಹಾಯಿಸಿ, ಐದು ಮೂಲೆಗಳ ಎರಡು ಚೌಕಟ್ಟುಗಳನ್ನು ಮಾಡಬೇಕು. ಪ್ರತಿಯೊಂದು ಕಡ್ಡಿಯೂ ಉಳಿದವನ್ನು ಹಾಯುವ ಸ್ಥಳ ಎರಡೂ ತುದಿಗಳಿಂದ ೧೧½ ಅಂಗುಲಕ್ಕೆ ಬರುತ್ತದೆ. ನಡುವೆ ೭ ಅಂಗುಲ ಉಳಿಯುತ್ತದೆ. ಈ ಅಳತೆ ತಪ್ಪಿದರೆ ನಕ್ಷತ್ರ ಕುಂಟುತ್ತದೆ. ಎರಡು ಚೌಕಟ್ಟುಗಳನ್ನೂ ಐದು ತುದಿಗಳಲ್ಲಿ ಜೋಡಿಸಿ ಬಿಗಿದು, ಒಳಮೂಲೆಗಳಲ್ಲಿ ಗಿಡ್ಡ ಕಡ್ಡಿಗಳನ್ನು ನಿಲ್ಲಿಸಿದರೆ ಚಪ್ಪಟೆಯಾಗಿದ್ದುದು ಉಬ್ಬಿ ನಿಲ್ಲುತ್ತದೆ. ಬಳಿಕ ಕಾಗದ: ಹಿಂದೆ ಮುಂದೆ ಹತ್ತು ತ್ರಿಕೋನಗಳು, ಎರಡು ಪಂಚಕೋನಗಳು, ಬದಿಗಳಿಗೆ ಹತ್ತು ಸಣ್ಣ ತ್ರಿಕೋನಗಳು, ಅಂತೂ ೨೨ ತುಂಡುಗಳು. ಹಿಂದಿನ ಪಂಚಕೋನವನ್ನು ಒಂದೇ ಬದಿಯಲ್ಲಿ ಅಂಟಿಸಿ ಬಾಗಿಲಿನಂತೆ ಬಿಡಬೇಕು. ದೀಪ ಒಳಹೋಗುವುದು ಅಲ್ಲಿಂದ. ಅಮ್ಮ ಅಳತೆಗೆ ಅಡಿಕೋಲನ್ನು ಮುಟ್ಟುತ್ತಿರಲಿಲ್ಲ. ಅಜ್ಜ ಮೇಣ ಸವರಿ ಎರಡು ಗಂಟು ಹಾಕಿಕೊಟ್ಟಿದ್ದ ದಾರವೊಂದಿತ್ತು. ಅದನ್ನು ಕಡ್ಡಿಯ ಉದ್ದಕ್ಕೂ ಎಳೆದು ಗಂಟು ಬಂದಲ್ಲಿ ಗುರುತು ಹಾಕುವಳು. ಕಡ್ಡಿಗಳನ್ನು ತಂದುಕೊಡುತ್ತಿದ್ದವಳು ಬುಟ್ಟಿ ಹೆಣೆಯುವ ಒಬ್ಬ ಮುದುಕಿ. ದೀಪಾವಳಿಗೆ ನೆರೆಮನೆಯವರು ಗೂಡುದೀಪ ಕಟ್ಟುವಾಗ ಅವರಿಗೆ ಸೀಳಿದ ಬಿದಿರಿನಲ್ಲೇ ನಮ್ಮ ಪಾಲನ್ನೂ ಸೀಳಿಡುತ್ತಿದ್ದಳು. ಒಂದೇ ಬಿದಿರಿನಿಂದ ಅವರ ಗೂಡುದೀಪವೂ ನಮ್ಮ ನಕ್ಷತ್ರವೂ ಆಗುತ್ತಿದ್ದುವು.

ಅಮ್ಮ ಮಿತಭಾಷಿ. ಮನೆಯಲ್ಲಿ ಆಕೆಯ ಮಾತೆಲ್ಲ ಕೆಲಸಕ್ಕೆ ಸಂಬಂಧಪಟ್ಟುದು. ಆದರೆ ಅಂಟು ಒಣಗುವುದನ್ನು ಕಾಯುತ್ತ ಕುಳಿತ ಹೊತ್ತಿನಲ್ಲಿ ಮಾತ್ರ ಬೇರೆ ಮಾತು ಬರುತ್ತಿತ್ತು. ನನಗಿಂತ ಮೊದಲು ಹುಟ್ಟಿ ಹದಿನೆಂಟು ದಿನ ಬದುಕಿದ ಅಣ್ಣನೊಬ್ಬನಿದ್ದನೆಂಬುದನ್ನು ನಾನು ಕೇಳಿದುದು ಆ ಚಾಪೆಯ ಮೇಲೆ. ೧೯೮೮ರಲ್ಲಿ ನನಗೆ ಒಂದು ಸಂಬಂಧ ಬಂದಿತ್ತು. ಹಿರಿಯರೆಲ್ಲ ಒಪ್ಪಿದ್ದರು, ನನ್ನನ್ನು ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಕೆಂಪು ಕಾಗದವನ್ನು ಕತ್ತರಿಸುತ್ತ, ತಲೆಯೆತ್ತದೆ, “ಆ ಹುಡುಗ ನಿನಗೆ ಸರಿಯೋ?” ಎಂದಳು. “ಇಲ್ಲ ಅಮ್ಮ,” ಎಂದೆನು. ಕತ್ತರಿ ನಿಲ್ಲಲಿಲ್ಲ, ಮತ್ತೊಂದು ಪ್ರಶ್ನೆಯೂ ಬರಲಿಲ್ಲ. ಎರಡು ದಿನಗಳ ಮೇಲೆ ಆ ಮನೆಯವರಿಗೆ ಬೇಡವೆಂದು ಹೇಳಿಕಳುಹಿಸಿದರೆಂದು ತಿಳಿಯಿತು. ಅಪ್ಪನೊಡನೆ ಆಕೆ ಏನು ಹೋರಾಡಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಮರುವರ್ಷ ನನ್ನ ಮನಸ್ಸಿಗೆ ಒಪ್ಪಿದ ಕಡೆ ಮದುವೆಯಾಯಿತು. ಗಂಡನ ಮನೆ ಊರಿನಲ್ಲೇ ಇದ್ದುದರಿಂದ, ದಶಂಬರದ ಮೊದಲ ಶನಿವಾರ ತವರಿಗೆ ಹೋಗಿ ಚಾಪೆ ಹಾಸುವ ಪದ್ಧತಿ ತಪ್ಪಲಿಲ್ಲ.

ಒಮ್ಮೆ ಓದಿದುದನ್ನು ಅಮ್ಮನಿಗೆ ಹೇಳಿದೆನು. ಜರ್ಮನಿಯ ಸಾಕ್ಸನಿ ಪ್ರಾಂತದ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಸಹೋದರರ ಶಾಲೆಯೊಂದಿತ್ತು. ಅಲ್ಲಿ ೧೯ನೆಯ ಶತಮಾನದ ಮೊದಲ ಭಾಗದಲ್ಲಿ ರೇಖಾಗಣಿತದ ಪಾಠಕ್ಕೆಂದು ಮಕ್ಕಳಿಂದ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಅದು ಬೆಳೆದು ಹೆರ್ನ್‌ಹೂಟ್ ನಕ್ಷತ್ರವೆಂದು ಲೋಕಪ್ರಸಿದ್ಧವಾಯಿತು. ಅದಕ್ಕೆ ನಾಲ್ಕು ಬದಿಯ ೧೭ ಕೊನೆಗಳು, ಮೂರು ಬದಿಯ ೮ ಕೊನೆಗಳು, ಒಟ್ಟು ೨೫. ದೂರದೇಶಗಳಿಗೆ ಸುವಾರ್ತೆಯ ಸೇವೆಗೆ ಹೋದ ತಂದೆತಾಯಿಗಳ ಮಕ್ಕಳು ಅಂಥ ಶಾಲೆಗಳಲ್ಲಿ ಉಳಿದುಕೊಂಡು ಓದುತ್ತಿದ್ದರು. ರೇಖಾಗಣಿತದ ಮಾತು ಕೇಳಿ ಅಮ್ಮನಿಗೆ ಸಂತೋಷವಾಗಬಹುದೆಂದು ನಾನು ನೆನೆದಿದ್ದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ಆ ಮಕ್ಕಳಿಗೆ ದಾರ ಹಿಡಿಯಲಿಕ್ಕೆ ಯಾರಿದ್ದರೋ!” ಎಂದಳು.

೨೦೦೯ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಮನೆಗೆ ಬಂದಳು. ವಯಸ್ಸು ಎಪ್ಪತ್ತೈದು ದಾಟಿದ ಬಳಿಕ ಕಣ್ಣಿನ ಒಳಪರದೆ ಸವೆಯುವ ಬೇನೆ ಹಿಡಿಯಿತು. ಎದುರಿಗಿರುವ ವಸ್ತುವಿನ ನಡುಭಾಗ ಮಸಕು. ಅಂಚುಗಳು ಮಾತ್ರ ಕಾಣುವುವು. ಕೈಯಲ್ಲಿ ನಡುಕವೂ ಸೇರಿಕೊಂಡಿತು. ಕತ್ತರಿ ಹಿಡಿದರೆ ಕಾಗದ ಹರಿಯುವುದು. ಅಂಟು ಸೀರೆಯ ಮೇಲೆ ಚೆಲ್ಲುವುದು. ನಾನು ಮರುಕದಿಂದ ಒಂದೊಂದೇ ಕೆಲಸವನ್ನು ನನ್ನ ಕಡೆಗೆ ಎಳೆದುಕೊಂಡೆನು. ಕೊನೆಗೆ ೨೦೨೧ರ ದಶಂಬರ ಒಂದನೆಯ ತಾರೀಕು ಪೇಟೆಗೆ ಹೋಗಿ, ಬಣ್ಣಬಣ್ಣವಾಗಿ ಮಿನುಗುವ ಸಣ್ಣ ದೀಪಗಳಿದ್ದ ಪ್ಲಾಸ್ಟಿಕ್ ನಕ್ಷತ್ರವೊಂದನ್ನು ಕೊಂಡುತಂದು ಜಗಲಿಗೆ ತೂಗಹಾಕಿದೆನು. “ಈ ಸಲ ನಿನಗೆ ಏನೂ ಕಷ್ಟವಿಲ್ಲ ಅಮ್ಮ,” ಎಂದೆನು. ಅಮ್ಮ ಮುಖವೆತ್ತಿ ಬೆಳಕಿನ ಕಡೆಗೆ ನೋಡಿ, “ಚೆನ್ನಾಗಿದೆ,” ಎಂದಳು. ನನಗೆ ತೃಪ್ತಿಯಾಯಿತು.

ಆ ತಿಂಗಳು ಅಮ್ಮ ಎಂದಿಗಿಂತಲೂ ಕಡಿಮೆ ಮಾತನಾಡಿದಳು. ವಯೋಧರ್ಮವೆಂದು ನಾನು ಬಗೆದೆನು. ಹಬ್ಬ ಕಳೆದು, ಹೊದಿಕೆಗಳನ್ನು ಬಿಸಿಲಿಗೆ ಹಾಕಲು ಆಕೆಯ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದಾಗ ಹಿಂದುಗಡೆ ಹಳೆಯ ಸೀರೆಯಲ್ಲಿ ಸುತ್ತಿದ ಕಟ್ಟೊಂದು ಸಿಕ್ಕಿತು. ಬಿಚ್ಚಿ ನೋಡಿದರೆ ಹತ್ತು ಉದ್ದದ ಕಡ್ಡಿಗಳು, ಐದು ಗಿಡ್ಡ ಕಡ್ಡಿಗಳು. ಸಿಬಿರಿಲ್ಲದಂತೆ ಹೆರೆದಿದ್ದುವು. ಪೆನ್ಸಿಲಿನ ಗುರುತು ಕಾಣದ ಕಾರಣ, ಪ್ರತಿಯೊಂದರಲ್ಲಿಯೂ ಎರಡೆರಡು ಕಡೆ ನೂಲು ಸುತ್ತಿ ಗಂಟುಹಾಕಿದ್ದಳು. ಅಡಿಕೋಲನ್ನು ತಂದು ಅಳೆದೆನು. ಹತ್ತರಲ್ಲಿಯೂ ಹನ್ನೊಂದೂವರೆ. ದೀಪಾವಳಿಯಿಂದ ಮೊದಲ್ಗೊಂಡು, ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಬೆರಳ ತುದಿಯನ್ನೇ ಕಣ್ಣು ಮಾಡಿಕೊಂಡು ಆಕೆ ಅದನ್ನು ಸಿದ್ಧಪಡಿಸಿದ್ದಳು. ತೆಗೆದುತೋರಿಸುವ ಮೊದಲೇ ನಾನು ಪೇಟೆಯ ನಕ್ಷತ್ರದೊಡನೆ ಬಂದಿದ್ದೆನು.

ಕಟ್ಟನ್ನು ಎತ್ತಿಕೊಂಡು ಆಕೆಯ ಬಳಿಗೆ ಹೋಗಿ, “ಯಾಕಮ್ಮ ಹೇಳಲಿಲ್ಲ?” ಎಂದೆನು. “ನನಗೆ ಕಷ್ಟವಾಗಬಾರದೆಂದು ದುಡ್ಡು ಕೊಟ್ಟು ತಂದಿದ್ದಿ. ಹೇಗೆ ಹೇಳಲಿ?” ಎಂದಳು. ನಾನು ಕೈನಡುಕದ ಮಾತು ತೆಗೆದೆನು. “ಕಡ್ಡಿ ಹಿಡಿಯದಿದ್ದರೂ ಅದು ನಡುಗುತ್ತದೆ, ಮಗಾ,” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ವೃದ್ಧರನ್ನು ಮನೆಯಲ್ಲಿಟ್ಟುಕೊಂಡಿರುವ ಗೃಹಸ್ಥರು ಅವರ ಊಟ, ಔಷಧ, ಹಾಸಿಗೆಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನೂ ನೋಡಿಕೊಂಡಿದ್ದೆನು. ಆದರೆ ಅವರ ಕೈಯ ಕೆಲಸವನ್ನು ಕರುಣೆಯ ಹೆಸರಿನಲ್ಲಿ ಕಸಿದುಕೊಳ್ಳುವುದೂ ಒಂದು ಬಗೆಯ ಕಾಠಿಣ್ಯವೆಂಬುದು ನನಗೆ ಹೊಳೆದಿರಲಿಲ್ಲ. ಅಮ್ಮ ನಕ್ಷತ್ರವನ್ನು ಪ್ರೀತಿಸಿದ್ದಳೆಂದು ನಾನು ತಿಳಿದಿದ್ದೆನು. ಆದುದರಿಂದಲೇ ಒಂದು ನಕ್ಷತ್ರವನ್ನು ತಂದುಕೊಟ್ಟೆನು. ಆಕೆಗೆ ಬೇಕಾಗಿದ್ದುದು ಚಾಪೆ, ಎದುರಿಗೆ ಕುಳಿತ ನಾನು, ಅಂಟು ಒಣಗುವ ಆ ಹೊತ್ತು. ನಿಜ ಹೇಳುವುದಾದರೆ ನನಗೂ ಬೇಕಾಗಿದ್ದುದು ಅದೇ.

೨೦೨೨ರ ಹಬ್ಬಕ್ಕೆ ಕೆಲಸವನ್ನು ಹೊಸದಾಗಿ ಹಂಚಿಕೊಂಡೆವು. ಪೆಟ್ಟಿಗೆಯಡಿಯ ಕಡ್ಡಿಗಳನ್ನೇ ತೆಗೆದೆವು. ಒಲೆಯ ಮುಂದೆ ನಾನು ನಿಂತರೂ ಅಂಟಿನ ಹದವನ್ನು ಹೇಳಬೇಕಾದವಳು ಅಮ್ಮ. ಸೌಟಿನಿಂದ ಅಂಟು ಬೀಳುವ ಸದ್ದಿನಿಂದಲೇ ಆಕೆಗೆ ಹದ ತಿಳಿಯುತ್ತದೆ. ಗಂಟು ಬಿಗಿಯುವುದೂ ಆಕೆಯ ಪಾಲು. ಕತ್ತರಿ ನನ್ನದು. ಏಳು ವರ್ಷದ ಮೊಮ್ಮಗಳಿಗೆ ದಾರದ ಕೊನೆ ಹಿಡಿಯುವ ಕೆಲಸ. ೨೨ ತುಂಡುಗಳಲ್ಲಿ ಒಂದನ್ನು ಅಮ್ಮನೇ ಅಂಟಿಸಬೇಕೆಂದು ನಿಶ್ಚಯವಾಯಿತು. ಆಕೆ ಕಾಗದವನ್ನು ಬೆರಳಿನಿಂದ ತಡವಿ ಅಂಟಿಸಿದಳು. ಆದರೆ ಎಳೆ ಅಡ್ಡವಾಗಿತ್ತು. ಒಣಗಿದಾಗ ಸುಕ್ಕು ಎದ್ದಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಕಿತ್ತು ಬೇರೆ ಅಂಟಿಸಬೇಕೆಂದು ಕೈ ಚಾಚಿದವಳು, ಹಿಂದಕ್ಕೆ ತೆಗೆದುಕೊಂಡೆನು.

ಮರುದಿನ ಸಂಜೆ ನಕ್ಷತ್ರವನ್ನು ಜಗಲಿಯ ತೊಲೆಗೆ ತೂಗಹಾಕಿ ದೀಪ ಹಚ್ಚಿದೆವು. ಅಮ್ಮ ಕುರ್ಚಿಯಲ್ಲಿ ಕುಳಿತು ಮುಖವನ್ನು ಸ್ವಲ್ಪ ಓರೆಮಾಡಿ, ಕಣ್ಣಿನ ಅಂಚಿನಿಂದ ನೋಡಿದಳು.

“ನಾನು ಅಂಟಿಸಿದ್ದು ಯಾವುದು?”

“ಕೆಳಗಿನ ಎಡಗಡೆಯ ಕೊನೆಯದು, ಅಮ್ಮ.”

“ಸುಕ್ಕು ಬಂದಿದೆಯೋ?”

ಸುಳ್ಳು ಹೇಳೋಣವೆಂದು ಒಂದು ಕ್ಷಣ ತೋರಿತು. “ಬಂದಿದೆ,” ಎಂದೆನು.

“ಹಾಗಾದರೆ ಮುಂದಿನ ವರ್ಷ ಎಳೆ ನೋಡಿ ಅಂಟಿಸಬೇಕು,” ಎಂದು ಹೇಳಿ, ಅಜ್ಜನ ದಾರವನ್ನು ಬೆರಳಿಗೆ ಸುತ್ತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.