ಗುಮ್ಮಟದ ಊರಿನಿಂದ ಮೋರ್ಯರ ಮನೆಗೆ

ವಿಜಯಪುರ ಎಂದೊಡನೆ ಯಾರಿಗಾದರೂ ಕಣ್ಣಮುಂದೆ ಬಂದು ನಿಲ್ಲುವುದು ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿ ಅದು. ಗುಮ್ಮಟದ ಹೊರವ್ಯಾಸವೇ 44 ಮೀಟರ್. ಬಂದವರೆಲ್ಲ ಏದುಸಿರು ಬಿಡುತ್ತ ಮೇಲೇರಿ, ಒಮ್ಮೆ ಕೂಗಿ, ಪ್ರತಿಧ್ವನಿ ಎಣಿಸಿ ಇಳಿದು ಹೋಗುತ್ತಾರೆ. ದಕ್ಷಿಣ ಬಾಗಿಲ ಮೇಲೆ ತೂಗುಹಾಕಿದ ಕಲ್ಲಿನ ಕಡೆ ಕಣ್ಣು ಹಾಯಿಸುವವರು ಕಡಿಮೆ. ಅದಕ್ಕೆ ಬಿಜಲಿ ಪತ್ಥರ್, ಅಂದರೆ ಸಿಡಿಲಿನ ಕಲ್ಲು ಎಂದು ಹೆಸರು. ಆಕಾಶದಿಂದ ಬಿದ್ದದ್ದು, ಕಟ್ಟಡವನ್ನು ಸಿಡಿಲಿನಿಂದ ಕಾಯುತ್ತದೆ ಎಂದು ನಂಬಿಕೆ. ಯುರೋಪಿನ ರೈತರೂ ಹೊಲದಲ್ಲಿ ಸಿಕ್ಕ ಶಿಲಾಯುಗದ ನುಣುಪು ಕೊಡಲಿಗಳನ್ನು ಸಿಡಿಲಿನ ಕಲ್ಲೆಂದೇ ತಿಳಿದು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಅರ್ಥವಾಗದ ಕಲ್ಲನ್ನು ಆಕಾಶಕ್ಕೆ ಒಪ್ಪಿಸಿಬಿಡುವುದು ಎಲ್ಲ ದೇಶದವರ ರೂಢಿ ಇರಬೇಕು.

ಈ ಗುಮ್ಮಟದ ಊರಿಗೂ ಇತಿಹಾಸಪೂರ್ವ ಕಾಲದ ಕಲ್ಲುಗಳಿಗೂ ನಂಟು ಬೆಸೆದದ್ದು ಒಂದು ಪುಸ್ತಕ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಒಂದು ದೊಡ್ಡ ಚಿತ್ರಸಂಪುಟ ಅಚ್ಚಾಯಿತು. ಅದಕ್ಕೆ ಬರಹ ಒದಗಿಸಿದವರು ಇಬ್ಬರು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಇಬ್ಬರೂ 1808ರಲ್ಲಿ ಹುಟ್ಟಿದವರು. ಟೇಲರ್ ಚರಿತ್ರೆಯ ಭಾಗ ಬರೆದ, ಫರ್ಗ್ಯುಸನ್ ಕಟ್ಟಡಗಳ ಭಾಗ ಬರೆದ. ಆರು ವರ್ಷದ ಮೇಲೆ, 1872ರಲ್ಲಿ, ಇದೇ ಫರ್ಗ್ಯುಸನ್ ಜಗತ್ತಿನ ಒರಟುಕಲ್ಲಿನ ಸ್ಮಾರಕಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ತಂದ. ಇಂಗ್ಲೆಂಡಿನ ಸ್ಟೋನ್‌ಹೆಂಜ್, ಫ್ರಾನ್ಸಿನ ಕಾರ್ನಾಕ್, ಐರ್ಲೆಂಡಿನ ನ್ಯೂಗ್ರೇಂಜ್ ಇವುಗಳ ಪಂಕ್ತಿಯಲ್ಲೇ ಸುರಪುರ ಸೀಮೆಯ ರಾಜನಕೋಳೂರಿನ ಕಲ್ಮನೆಗಳೂ ಕುಳಿತವು. ಚಿತ್ರ ಒದಗಿಸಿದವನು ಟೇಲರ್.

ವಿಜಯಪುರದಿಂದ ಅಲ್ಲಿಗೆ ಹೋಗುವುದು ಮೂಡಲ ದಿಕ್ಕಿಗೆ. ನಮ್ಮದು ತಿಕೋಟಾ ಕಡೆ, ಪಡುವಲದ ಎರೆಸೀಮೆ. ಅಲ್ಲಿ ಬಾವಿ ತೋಡಿದವರಿಗೆ ಗೊತ್ತು: ಮೇಲೆ ಕರಿಮಣ್ಣು, ಅದರಡಿ ಗರಸು, ಅದರಡಿ ಕರಿಗಲ್ಲು. ಬಬಲೇಶ್ವರದ ಕಡೆಗೂ ಹಾಗೆಯೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಆರಿ ಆದ ಕಲ್ಲು ಅದು. ಒಡೆದರೆ ಗುಂಡಾಗಿ, ದಪ್ಪ ದಪ್ಪವಾಗಿ ಒಡೆಯುತ್ತದೆಯೇ ಹೊರತು ಚಪ್ಪಡಿಯಾಗಿ ಏಳುವುದಿಲ್ಲ. ಆದಿಲಶಾಹಿಯ ಕಲ್ಲುಕುಟಿಗರು ಇದನ್ನೇ ಚೌಕ ಕಡಿದು, ಗಾರೆ ಮೆತ್ತಿ ಗುಮ್ಮಟ ಎಬ್ಬಿಸಿದರು. ಅವರ ಕೈಯಲ್ಲಿ ಉಳಿಯಿತ್ತು, ಗಾರೆಯಿತ್ತು, 1565ರ ಯುದ್ಧದ ನಂತರ ಹಣವೂ ಇತ್ತು. ಎರಡೂವರೆ ಸಾವಿರ ವರ್ಷಗಳ ಹಿಂದಿನವನಿಗೆ ಚಪ್ಪಡಿ ತಾನಾಗಿ ಏಳುವ ನೆಲ ಬೇಕಿತ್ತು.

ಆ ನೆಲ ಶುರುವಾಗುವುದು ತಾಳಿಕೋಟೆಯ ಸುತ್ತ. ಬಸ್ಸಿನಲ್ಲಿ ಕುಳಿತೇ ನೋಡಬಹುದು. ಹಳ್ಳಿಯ ಮನೆಗಳ ಗೋಡೆಯ ರೂಪ ಬದಲಾಗುತ್ತದೆ, ಕಟ್ಟೆಗೂ ಅಂಗಳಕ್ಕೂ ಫರಸಿ ಬರುತ್ತದೆ. ಹುಣಸಗಿ, ಕೊಡೇಕಲ್ ದಾಟಿದ ಮೇಲೆ ರಾಜನಕೋಳೂರು. ಇದು ಈಗ ಯಾದಗಿರಿ ಜಿಲ್ಲೆ. (ಹುಣಸಗಿಗೆ ಹತ್ತಿರದ ಇಸಾಂಪುರದಲ್ಲಿ ಆದಿಮಾನವ ಕಲ್ಲಿನ ಆಯುಧ ಮಾಡುತ್ತಿದ್ದ ತಾಣವೇ ಸಿಕ್ಕಿದೆ. ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ ಎನ್ನುತ್ತಾರೆ ತಜ್ಞರು. ಅದರ ಮುಂದೆ ನಮ್ಮ ಕಲ್ಮನೆಗಳು ನಿನ್ನೆ ಮೊನ್ನೆಯವು.)

ಕಲ್ಮನೆ ನೋಡಲು ಬಲು ಸರಳ. ಮೂರೋ ನಾಲ್ಕೋ ಚಪ್ಪಡಿ ನೆಟ್ಟಗೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ್ದಾರೆ. ಗಾರೆಯಿಲ್ಲ, ಕೆತ್ತನೆಯಿಲ್ಲ, ಹೆಸರಿಲ್ಲ. ಕೆಲವು ಒಂದು ಬದಿಗೆ ತೆರೆದಿವೆ. ಕೆಲವು ನಾಲ್ಕೂ ಕಡೆ ಮುಚ್ಚಿದ್ದು, ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆದಿದೆ. ಟೇಲರ್ ಅಗೆಸಿದಾಗ ಮುಚ್ಚಿದವುಗಳಲ್ಲಿ ಬೂದಿ, ಎಲುಬು, ಮಡಕೆಯ ಚೂರು ಸಿಕ್ಕವು. ಇವು ಕಬ್ಬಿಣಯುಗದ ಗೋರಿಗಳು. ಉತ್ತರ ಕರ್ನಾಟಕದ ಈ ಗೋರಿಗಳನ್ನು ಬಗೆಬಗೆಯಾಗಿ ವಿಂಗಡಿಸಿ ವಿವರಿಸಿದವರು ಡಾ. ಅ. ಸುಂದರ ಅವರು. ಅವರ ಇಂಗ್ಲಿಷ್ ಗ್ರಂಥ 1975ರಲ್ಲಿ ಬಂತು.

ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು.

“ಏನ್ ನೋಡಾಕತ್ತೀರಿ ಸಾಹೇಬ್ರ?”

“ಈ ಮನಿ ಯಾರವು ಯಜಮಾನ್ರ?”

“ಮೋರ್ಯಾರವು ರೀ. ಇಷ್ಟಿಷ್ಟೇ ಎತ್ತರದ ಮಂದಿ ಇದ್ರಂತ. ಭಾಳ ಬಲ ಇತ್ತಂತ. ಅದಕ್ಕ ಇಂಥಾ ಕಲ್ಲ ಎತ್ತ್ಯಾರ.”

ಕೈಯನ್ನು ತಮ್ಮ ಸೊಂಟದ ಮಟ್ಟಕ್ಕೆ ಹಿಡಿದು ಎತ್ತರ ತೋರಿಸಿದರು. ನಾನು ಬೆಪ್ಪಾದೆ. ಟೇಲರನಿಗೆ ಇದೇ ಸೀಮೆಯ ಜನ ಹೇಳಿದ್ದೂ ಇದೇ: ಮೂರಡಿ ಎತ್ತರದ ಮೋರ್ಯರು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲೂ ಕಲ್ಮನೆಗಳಿರುವುದು ಮೋರ್ಯರ ಗುಡ್ಡದ ಮೇಲೆಯೇ. ನೂರೆಪ್ಪತ್ತು ವರ್ಷಗಳಾಚೆ ಒಬ್ಬ ಪರದೇಶಿ ಅಧಿಕಾರಿ ಬರೆದುಕೊಂಡ ಮಾತು ಇವರ ಬಾಯಲ್ಲಿ ಒಂದಕ್ಷರ ಮುಕ್ಕಾಗದೆ ಉಳಿದಿತ್ತು.

ಟೇಲರ್ ನಿಜಾಮನ ಸೇವೆಯಲ್ಲಿದ್ದವನು. ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. ಅವನು ವಾಸವಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲಿದೆ. ಅವನ ಸಿದ್ಧಾಂತಗಳು ನಿಲ್ಲಲಿಲ್ಲ. ಈ ಗೋರಿಗಳನ್ನು ಸಿಥಿಯನ್ನರದೋ ಯುರೋಪಿನ ಡ್ರೂಯಿಡರದೋ ಬಳಗಕ್ಕೆ ಸೇರಿಸಿದ. ಫರ್ಗ್ಯುಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಟೋನ್‌ಹೆಂಜ್ ರೋಮನ್ನರ ನಂತರದ್ದು ಎಂದುಬಿಟ್ಟ. ಅದರ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ, ನ್ಯೂಗ್ರೇಂಜ್ ಅದಕ್ಕೂ ಏಳುನೂರು ವರ್ಷ ಹಿಂದಿನದು ಎಂಬುದು ಈಗ ಗೊತ್ತಾಗಿದೆ. ನಮ್ಮ ಕಲ್ಮನೆಗಳು ಹೆಚ್ಚಾಗಿ ಕ್ರಿ.ಪೂ. ಮೊದಲ ಸಹಸ್ರಮಾನದವು. ದುಂಡು ಕಂಡಿಯ ಗೋರಿ ಕಾಕಸಸ್ ಬೆಟ್ಟಗಳಲ್ಲೂ ಇದೆ, ಆದರೆ ಅಲ್ಲಿಂದ ಯಾರೂ ಕಂಡಿ ಕೊರೆಯಲು ರಾಜನಕೋಳೂರಿಗೆ ಬರಲಿಲ್ಲ. ಚಪ್ಪಡಿ ಸಿಕ್ಕ ಕಡೆ, ಸತ್ತವರಿಗೊಂದು ಮನೆ ಬೇಕೆನಿಸಿದ ಕಡೆ, ಮನುಷ್ಯ ಹೀಗೆಯೇ ಕಟ್ಟಿದ್ದಾನೆ.

ಆದರೆ ಟೇಲರನ ಗೆರೆಗಳು ನಿಂತವು. ಭೀಮಾ ತೀರದ ಜೇವರ್ಗಿಯಲ್ಲಿ ಅವನು ಗೋರಿ ಅಗೆಸಿದಾಗ ಬರಿಯ ಎಲುಬು ಎತ್ತಿಕೊಂಡು ಹೋಗಲಿಲ್ಲ. ಬಾವಿಯ ಗೋಡೆಯಲ್ಲಿ ಕಾಣುವಂತೆ ಮಣ್ಣಿನ ಪದರ ಪದರವನ್ನೂ ಚಿತ್ರಿಸಿಟ್ಟ. ನೂರು ವರ್ಷದ ಮೇಲೆ, 1954ರಲ್ಲಿ, ಹೆಸರಾಂತ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಆ ಚಿತ್ರವನ್ನು ಮನಸಾರೆ ಹೊಗಳಿದರು.

ನನ್ನನ್ನು ಕಾಡಿದ್ದು ಶಹಾಪುರದ ಹೊರಗಿನ ವಿಭೂತಿಹಳ್ಳಿ. ಅಲ್ಲಿ ಮನೆಯೂ ಇಲ್ಲ, ಕಂಡಿಯೂ ಇಲ್ಲ. ಬಯಲಲ್ಲಿ ಗುಂಡುಕಲ್ಲುಗಳನ್ನು ಸಾಲಾಗಿ, ಓರೆ ಸಾಲುಗಳೂ ಕೂಡುವಂತೆ, ಚದುರಂಗದ ಹಾಸಿನ ಹಾಗೆ ಹೂಡಿಟ್ಟಿದ್ದಾರೆ. ಸೂರ್ಯನ ದಿಕ್ಕು ನೋಡಲೆಂದು ಇರಬಹುದು ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಟೇಲರ್ ಅದರ ನಕ್ಷೆ ಬರೆದಿದ್ದಾನೆ. ಇಂದು ಆ ನಕ್ಷೆ ಹಿಡಿದು ನಿಂತರೆ ಸಾಲುಗಳು ನಡುನಡುವೆ ತಪ್ಪುತ್ತವೆ. ಅಲ್ಲಿದ್ದ ಕಲ್ಲುಗಳನ್ನು ಒಡೆದು ಒಯ್ದಿದ್ದಾರೆ. ಒಯ್ದವರನ್ನು ಬೈಯುವುದು ಹೇಗೆ? ಬಯಲಲ್ಲಿ ಬಿದ್ದ ಗುಂಡುಕಲ್ಲು ಸ್ಮಾರಕ ಎಂದು ಅವರಿಗೆ ಹೇಳಿದವರು ಯಾರು? ಗುಮ್ಮಟದ ಒಂದು ಕಲ್ಲು ಕಿತ್ತರೆ ಊರೇ ನೋಡುತ್ತದೆ. ಇಲ್ಲಿ ಕಲ್ಲಿಗಿಂತ ಕಲ್ಲಿನಿಂದ ಕಲ್ಲಿಗಿರುವ ಅಂತರವೇ ಸ್ಮಾರಕ. ಕಲ್ಲು ಹೋದರೆ ಅದೂ ಹೋಯಿತು, ಮತ್ತೆ ಹೂಡಲು ಲೆಕ್ಕ ಗೊತ್ತಿದ್ದವನು ಯಾವನೂ ಬದುಕಿಲ್ಲ. ಎರಡೂ ತಾಣಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ ಎಂಬುದಷ್ಟೇ ಸಮಾಧಾನ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿ ಸೇರಿತು. ವಿಜಯಪುರದ ಕಟ್ಟಡಗಳು 2014ರಿಂದಲೇ ಆ ಪಟ್ಟಿಯಲ್ಲಿವೆ.

ರಾಜನಕೋಳೂರಿನಿಂದ ಹೊರಡುವಾಗ ಮುದುಕರು ಕೇಳಿದರು, “ನಿಮ್ಮೂರ ಕಡೆ ಇಂಥಾವು ಇಲ್ಲೇನ್ರಿ?”

“ನಮ್ಮ ಕಡೆ ಫರಸಿ ಏಳೂದಿಲ್ಲ ರೀ. ಬರೀ ಕರಿಗಲ್ಲು. ಗೋಲಗುಮ್ಮಟ ಐತಿ.”

ಅವರು ತುಸು ಯೋಚಿಸಿ ಅಂದರು, “ಅದೂ ಸತ್ತವರ ಮನೀನ ಅಲ್ಲೇನ್ರಿ?”

ನಾನು ಹೂಂ ಎನ್ನುವಷ್ಟರಲ್ಲಿ ಅವರ ಕುರಿಯೊಂದು ಪಕ್ಕದ ಹೊಲಕ್ಕೆ ನುಗ್ಗಿತು. ಅದನ್ನು ಅಟ್ಟುತ್ತ ಹೋಗಿಬಿಟ್ಟರು.