ಇಬ್ಬರು ಗುರುಗಳು, ಒಂದೇ ಬೆನ್ನು

ಹೋದ ಡಿಸೆಂಬರ್ ಚಳಿಯಲ್ಲಿ ನಮ್ಮ ಮಗ ಹಾಸಿಗೆ ಬಿಟ್ಟು ಬರೀ ಫರ್ಸಿಯ ಮೇಲೆ ಮಲಗಲು ಶುರು ಮಾಡಿದ. ನಮ್ಮ ಕಡೆ ಮನೆಗಳ ನೆಲವೆಂದರೆ ಶಹಾಬಾದ್ ಫರ್ಸಿ. ಬೇಸಿಗೆಯಲ್ಲಿ ಅದರ ಮೇಲೆ ಬೆನ್ನು ಚಾಚಿದರೆ ಜೀವ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಮಾತ್ರ ಬರಿಗಾಲು ಇಡಲೂ ಆಗುವುದಿಲ್ಲ.

"ಯಾಕೋ ಕೆಳಗ ಮಲಗೀದಿ? ಥಂಡಿ ಅದ" ಎಂದು ಅವನವ್ವ ಕೇಳಿದಳು.

"ಇರ್ಲಿ ಬಿಡವ್ವ, ಇಲ್ಲೇ ಚಲೋ ಅನಸ್ತದ" ಎಂದ.

ಎರಡು ದಿನ ಬಿಟ್ಟು ಬೂಟಿನ ಲೇಸು ಕಟ್ಟಲು ಬಗ್ಗಿದವನು ಗೋಡೆ ಹಿಡಿದು ನಿಂತುಬಿಟ್ಟ. ಆಗ ನಮಗೆ ಗೊತ್ತಾಯಿತು. ಹುಡುಗನಿಗೆ 14 ವರ್ಷ. ವೇಗದ ಬೌಲಿಂಗ್ ಹಾಕುತ್ತಾನೆ. ಒಂದು ತಿಂಗಳಿಂದ ಸೊಂಟದ ಮೇಲೆ, ಎಡಗಡೆ ನೋಯುತ್ತಿತ್ತಂತೆ. ಹೇಳಿದರೆ ತಾಲೂಕು ಮಟ್ಟದ ಆಯ್ಕೆಗೆ ಬಿಡುವುದಿಲ್ಲ ಎಂದು ನುಂಗಿಕೊಂಡಿದ್ದ.

ಇದು ಆ ನೋವು ಎಲ್ಲಿಂದ ಬಂತು ಎಂಬುದರ ಕಥೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ತಪ್ಪು ಮಾಡಿದವರು ಇದ್ದೇವೆ, ಅದು ನಾವು, ಅವನ ಅಪ್ಪ ಅವ್ವ.

ನಮ್ಮ ಮನೆ ಚಿತ್ತಾಪುರದಲ್ಲಿ. ಪತ್ರಿಕೆಗೆ ಸುದ್ದಿ ಕಳಿಸುವುದು ಕಸುಬು. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಸುದ್ದಿಗೂ ನಮ್ಮದೇ ಬೈಕ್ ಓಡಬೇಕು. ಬೇಸಿಗೆ ಬಂತೆಂದರೆ ಊರೂರಿಗೆ ಟೆನಿಸ್ ಬಾಲ್ ಟೂರ್ನಿ. ಮಗ ಹಿಂದೆ ಕುಳಿತು ಬರುತ್ತಿದ್ದ. ನಾವು ಬಹುಮಾನ ವಿತರಣೆಯ ಫೋಟೊಗೆ ಕಾಯುವಾಗ ಅವನು ಬೌಂಡರಿ ಆಚೆ ಯಾರಿಗೋ ಬೌಲಿಂಗ್ ಹಾಕುತ್ತಿದ್ದ. ಹಾಗೆ ಹತ್ತಿದ ಹುಚ್ಚು ಅದು.

ಅವನ ಮೊದಲ ಗುರು ಶಾಲೆಯ ಪಿಇಟಿ ಸರ್. ಎರೆ ಮಣ್ಣಿನ ಮೈದಾನದಲ್ಲಿ, ಬಿರುಕುಗಳಿಗೆ ತಾವೇ ನೀರು ಹೊಡೆದು, ಮಣ್ಣು ತುಂಬಿ, ಪಿಚ್ ಮಾಡಿಕೊಂಡು ಕಲಿಸಿದವರು. ಒಂದು ರೂಪಾಯಿ ತೆಗೆದುಕೊಂಡವರಲ್ಲ. ಅವರದು ಹಳೆಯ, ಗಟ್ಟಿ ಪದ್ಧತಿ. ಚೆಂಡು ಬಿಡುವ ಮೊದಲು ಮೈ ಅಡ್ಡ ತಿರುಗಬೇಕು, ಹಿಂದಿನ ಪಾದ ಕ್ರೀಸಿಗೆ ಸಮಾನಾಂತರ ಬೀಳಬೇಕು, ಎಡಗೈ ಮೇಲೆತ್ತಿ ಎಡಭುಜದ ಮೇಲಿಂದ ಬ್ಯಾಟ್ಸ್‌ಮನ್‌ನನ್ನು ನೋಡಬೇಕು. ಇದಕ್ಕೆ ಸೈಡ್-ಆನ್ ಎನ್ನುತ್ತಾರೆ.

ಹುಡುಗ ಚೆನ್ನಾಗಿ ಹಾಕುತ್ತಾನೆ ಎಂದು ನಾಲ್ಕು ಜನ ಹೇಳಿದ ಮೇಲೆ ನಮಗೂ ಆಸೆ ಬಂತು. ಕಲಬುರಗಿಯ ಒಂದು ಶಿಬಿರಕ್ಕೆ ಸೇರಿಸಿದೆವು. ಪ್ರತಿ ಭಾನುವಾರ ಬೆಳಿಗ್ಗೆ ರೈಲು ಹತ್ತಿ, ವಾಡಿ, ಶಹಾಬಾದ್ ದಾಟಿ ಹೋಗುವುದು, ಸಂಜೆ ಬರುವುದು. ಅಲ್ಲಿನ ಕೋಚ್ ಕೂಡ ಒಳ್ಳೆಯವರೇ. ಅವರದು ಬೇರೆ ಪದ್ಧತಿ. ಓಡಿ ಬಂದ ದಿಕ್ಕಿನಲ್ಲೇ ಮೈ ಹೋಗಬೇಕು, ಹಿಂದಿನ ಪಾದದ ಬೆರಳು ಬ್ಯಾಟ್ಸ್‌ಮನ್ ಕಡೆ ಇರಬೇಕು, ಎದೆ ಮುಂದಕ್ಕೆ ತೆರೆದಿರಬೇಕು. ಇದು ಫ್ರಂಟ್-ಆನ್. ರೂಢಿಯಾಗಲಿ ಎಂದು ಮನೆಯಲ್ಲಿ ದಿನಾ ಐದು ಓವರ್ ಹಾಕಲು ಹೇಳಿದರು.

ಯಾರ ಮಾತು ಕೇಳಬೇಕು? ಇದೇ ನಮ್ಮ ಮನೆಯ ದೊಡ್ಡ ಚರ್ಚೆಯಾಯಿತು. ನಮ್ಮಲ್ಲೇ ಒಬ್ಬರು ಪಿಇಟಿ ಸರ್ ಪಕ್ಷ, ಒಬ್ಬರು ಶಿಬಿರದ ಪಕ್ಷ. ಸರ್‌ಗೆ ಹೇಳಿದರೆ ಬೇಜಾರಾಗುತ್ತದೆ, ಕೋಚ್‌ಗೆ ಹೇಳಿದರೆ ಹಳ್ಳಿಯವರು ಎಂದು ನಗುತ್ತಾರೆ ಎಂದು ಇಬ್ಬರಿಗೂ ಹೇಳಲಿಲ್ಲ. ಮಗನಿಗೆ ಮಾತ್ರ ಹೇಳಿದೆವು: "ಅಲ್ಲಿ ಹೋದಾಗ ಅವರ್ ಹೇಳ್ದಂಗ ಹಾಕು, ಇಲ್ಲಿ ಬಂದಾಗ ಸರ್ ಹೇಳ್ದಂಗ ಹಾಕು." ಬಹಳ ಜಾಣ ಉತ್ತರ ಕೊಟ್ಟೆವು ಎಂದುಕೊಂಡಿದ್ದೆವು.

ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇದೆ. ಇಲ್ಲಿ ಗುರುಗಳ ನಡುವೆ ಜಗಳವೂ ಇರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿರಲೇ ಇಲ್ಲ. ಆದರೂ ಕೂಸು ಬಡವಾಯಿತು.

ಕಲಬುರಗಿಯ ಎಲುಬಿನ ಡಾಕ್ಟರ್ ಮೊದಲು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ನಮಗೆ ಸಮಾಧಾನ. ಅವರಿಗೆ ಇರಲಿಲ್ಲ. ಇಂಥ ಪೆಟ್ಟು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಹೋಗಬಹುದು ಎಂದು ಎಂಆರ್‌ಐ ಬರೆದರು. ಅದಕ್ಕೆ ಕೊಟ್ಟ ದುಡ್ಡು ನಮ್ಮ ಎರಡು ತಿಂಗಳ ಸುದ್ದಿಯ ಗಳಿಕೆ. ಬೆನ್ನುಮೂಳೆಯ ಕೆಳಭಾಗದಲ್ಲಿ ಎಲುಬು ಬಿರುಕು ಬಿಡುವುದಕ್ಕೆ ಮುಂಚಿನ ಹಂತ ಎಂದು ಬಂತು. ಇನ್ನೊಂದು ತಿಂಗಳು ಹೀಗೇ ಹಾಕಿದ್ದರೆ ಬಿರುಕೇ ಬಿಡುತ್ತಿತ್ತು ಎಂದರು.

ಮೊಬೈಲಿನಲ್ಲಿದ್ದ ಅವನ ಬೌಲಿಂಗ್ ವಿಡಿಯೊವನ್ನು ಡಾಕ್ಟರ್ ನಿಧಾನ ಮಾಡಿ ತೋರಿಸಿದಾಗ ನಮಗೆ ಮಾತು ಹೊರಡಲಿಲ್ಲ. ಪಾದ ಮತ್ತು ಸೊಂಟ ಶಿಬಿರದಲ್ಲಿ ಹೇಳಿದಂತೆ ಮುಂದಕ್ಕೆ. ಭುಜ ಪಿಇಟಿ ಸರ್ ಹೇಳಿದಂತೆ ಅಡ್ಡಕ್ಕೆ. ಹುಡುಗ ಇಬ್ಬರ ಮಾತನ್ನೂ ಮೀರಿರಲಿಲ್ಲ, ಒಂದೇ ಚೆಂಡಿನಲ್ಲಿ ಇಬ್ಬರನ್ನೂ ಪಾಲಿಸಿದ್ದ. ಒದ್ದೆ ಬಟ್ಟೆ ಹಿಂಡಿದ ಹಾಗೆ ನಡುವೆ ಬೆನ್ನು ತಿರುಚಿಕೊಳ್ಳುತ್ತಿತ್ತು.

ಇದಕ್ಕೆ ಮಿಕ್ಸ್ಡ್ ಆ್ಯಕ್ಷನ್ ಎಂಬ ಹೆಸರೇ ಇದೆ. ಸೈಡ್-ಆನ್ ತಪ್ಪಲ್ಲ, ಫ್ರಂಟ್-ಆನ್ ಕೂಡ ತಪ್ಪಲ್ಲ. ಎರಡರಲ್ಲೂ ದೊಡ್ಡ ದೊಡ್ಡ ಬೌಲರ್‌ಗಳು ಆಗಿಹೋಗಿದ್ದಾರೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ಇರುವ ಬೆರಕೆಯೇ ಬೆಳೆಯುವ ಮಕ್ಕಳ ಬೆನ್ನಿಗೆ ಅಪಾಯ. ಮುಂದಿನ ಕಾಲು ನೆಲಕ್ಕೆ ಬಡಿದಾಗ ಮೈಭಾರದ ಹಲವು ಪಟ್ಟು ಪೆಟ್ಟು ಮೇಲಕ್ಕೆ ಬರುತ್ತದೆ. ಬಲಗೈ ಬೌಲರ್ ಆದರೆ ಹೆಚ್ಚಾಗಿ ಎಡಗಡೆ ನೋಯುತ್ತದೆ. ನಮ್ಮವನಿಗೂ ಅಲ್ಲೇ.

ಆ ರಾತ್ರಿ ರೈಲಿನಲ್ಲಿ ಬರುವಾಗ ಅವನವ್ವ ಒಂದು ಚೀಟಿ, ಪೆನ್ನು ತೆಗೆದು ಲೆಕ್ಕ ಹಾಕಿದಳು. ಶಾಲೆಯಲ್ಲಿ ದಿನಕ್ಕೆ ಆರು ಓವರ್, ಐದು ದಿನ: 180 ಚೆಂಡು. ಭಾನುವಾರ ಶಿಬಿರದಲ್ಲಿ ಹತ್ತು ಓವರ್: 60. ಮನೆಯಲ್ಲಿ ಐದು ಓವರ್, ಆರು ದಿನ: 180. ಒಟ್ಟು ವಾರಕ್ಕೆ 420. ಒಂದು ದಿನವೂ ವಿಶ್ರಾಂತಿ ಇಲ್ಲ. ಸರ್‌ಗೆ ಗೊತ್ತಿದ್ದದ್ದು 180. ಕೋಚ್‌ಗೆ ಗೊತ್ತಿದ್ದದ್ದು ಅವರ 60, ಮನೆಯ 180. ಎರಡೂ ಕೂಡಿಸಬಹುದಾಗಿದ್ದವರು ನಾವು ಮಾತ್ರ, ನಾವು ಕೂಡಿಸಿರಲಿಲ್ಲ. ಸುದ್ದಿ ಎಷ್ಟು ಸೆಂಟಿಮೀಟರ್ ಬಂತು ಎಂದು ದಿನಾ ಸ್ಕೇಲು ಹಿಡಿದು ಅಳೆಯುವವರು ಮಗನ ಬೆನ್ನಿನ ಲೆಕ್ಕ ಇಟ್ಟಿರಲಿಲ್ಲ.

ಆಮೇಲೆ ಓದಿಕೊಂಡೆವು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವೇಗದ ಬೌಲಿಂಗ್ ಹಾಕುವ ಮಕ್ಕಳಿಗೆ ಮಿತಿ ಇಟ್ಟಿದೆ. 13ರ ಒಳಗಿನವರು ಪಂದ್ಯದಲ್ಲಿ ಒಂದು ಸಲಕ್ಕೆ ಸತತ 5 ಓವರ್, ದಿನಕ್ಕೆ 10. ಹದಿನೈದರ ಒಳಗಿನವರು 6 ಮತ್ತು 12. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು, ಸತತ ಎರಡು ದಿನಕ್ಕಿಂತ ಹೆಚ್ಚು ಹಾಕಿಸಬೇಡಿ ಎಂಬ ಸಲಹೆಯೂ ಇದೆ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಿಂದ ಚೆಂಡನ್ನೇ ಎಣಿಸುತ್ತದೆ. 11-12 ವರ್ಷದವರಿಗೆ ದಿನಕ್ಕೆ 85 ಎಸೆತ, ಮುಗಿಯಿತು. ಯಾವ ಪದ್ಧತಿ ಎಂದು ಜಗತ್ತೆಲ್ಲ ವಾದ ಮಾಡಲಿ, ಎಷ್ಟು ಎಂಬುದನ್ನು ಎಣಿಸಲು ಕೋಚಿಂಗ್ ಪದವಿ ಬೇಕಿಲ್ಲ.

ಪದ್ಧತಿಯ ವಾದವೂ ಹೊಸದಲ್ಲ. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನೆಲುಬು ಬಿರುಕು ಬಿಟ್ಟು ಮಲಗಿದರು. ಬೌಲಿಂಗ್ ಶೈಲಿ ತಿದ್ದಿಕೊಂಡೇ ಮರಳಿ ಬಂದರು. ಅದೇ ಲಿಲ್ಲಿ 1987ರಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಬಂದು ನಮ್ಮ ಹುಡುಗರಿಗೆ ಕಲಿಸಿದರು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಕೂಡ ಅಲ್ಲಿ ಪಳಗಿದವರು. ಇನ್ನೊಂದು ಕಡೆ ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ಬಡಿದ ಬಲಗೈಯಿಂದಲೇ ಚೆಂಡು ತಿರುಗಿಸಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಆ ಕೈ ಯಾವ ಪುಸ್ತಕದಲ್ಲೂ ಇರಲಿಲ್ಲ. ಬುಮ್ರಾ ಶೈಲಿಯೂ ಪುಸ್ತಕದಲ್ಲಿಲ್ಲ. ಆದರೆ ಅವರ ರೀಲ್ ನೋಡಿ ಕುಣಿಯುವ ಮಕ್ಕಳಿಗೆ ಅವರ ಬೆನ್ನಿನ ಕಥೆ ಗೊತ್ತಿರುವುದಿಲ್ಲ. 2019ರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, 2022ರಲ್ಲಿ ಮತ್ತೆ ನೋವು, 2023ರಲ್ಲಿ ಆಪರೇಷನ್.

ಮಗನಿಗೆ ಮೂರು ತಿಂಗಳು ಬೌಲಿಂಗ್ ಬಂದ್ ಆಯಿತು. ತಾಲೂಕು ಆಯ್ಕೆ ತಪ್ಪಿತು. ನಾಲ್ಕು ದಿನ ನಮ್ಮ ಜೊತೆ ಮಾತಾಡಲಿಲ್ಲ. ಐದನೇ ದಿನ ಒಂದೇ ಮಾತು ಕೇಳಿದ: "ನಾ ಇಬ್ಬರ್ದೂ ಕೇಳಿದ್ನಲ್ಲಪ್ಪ, ಮತ್ತ್ಯಾಕ ಹಿಂಗಾಯ್ತು?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಪಿಇಟಿ ಸರ್‌ನ ಮನೆಗೆ ಕರೆದು ಚಹಾ ಕೊಟ್ಟು ಎಲ್ಲ ಹೇಳಿದೆವು. ಅವರ ಮುಖ ಸಣ್ಣದಾಯಿತು. "ನನಗೊಂದ್ ಮಾತು ಹೇಳ್ಬಾರದಿತ್ತೇನ್ರಿ? ಅವ ಅಲ್ಲೂ ಹಾಕ್ಲಾಕತ್ತಾನಂತ ಗೊತ್ತಿದ್ರ ನಾ ಕೈಗೆ ಚೆಂಡೇ ಕೊಡ್ತಿರಲಿಲ್ಲ" ಎಂದರು. ಶಿಬಿರದ ಕೋಚ್‌ಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟೆವು. ಐದು ನಿಮಿಷ ಇಬ್ಬರೂ ಬಿಗುವಾಗಿದ್ದರು. ಆಮೇಲೆ ನಮ್ಮನ್ನು ಮರೆತು ಅವರವರೇ ಮಾತಾಡಿಕೊಂಡರು. ಹುಡುಗನ ಓಟ, ಮೈಕಟ್ಟು ನೋಡಿದರೆ ಫ್ರಂಟ್-ಆನ್ ಸಲೀಸು ಎಂದು ಕೋಚ್ ಹೇಳಿದರು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಹಂಗೇ ಹಾಕ್ಲಿ. ಎಣಿಸೋದು ನನ್ ಮ್ಯಾಲಿರ್ಲಿ" ಎಂದರು. ಇಪ್ಪತ್ತು ವರ್ಷ ಕಲಿಸಿದ್ದನ್ನು ಒಬ್ಬ ಹುಡುಗನ ಬೆನ್ನಿಗಾಗಿ ಪಕ್ಕಕ್ಕಿಟ್ಟರು. ಅದು ಸಣ್ಣ ಮಾತಲ್ಲ.

ಇದನ್ನೆಲ್ಲ ಚಿಂಚೋಳಿ ಕಡೆಯ ಒಬ್ಬ ತಂದೆಗೆ ಹೇಳಿದಾಗ ಅವರು ನಕ್ಕರು. "ನಿಮಗ ಇಬ್ಬರಾದ್ರೂ ಅದಾರ. ನಮ್ ಹುಡುಗಿಗೆ ಮೊಬೈಲೇ ಕೋಚ್. ದಿನಕ್ಕೊಂದು ವಿಡಿಯೊ, ದಿನಕ್ಕೊಂದು ಸ್ಟೈಲ್." ಹಾಗಿದ್ದರೆ ಅವರ ಮನೆಯಲ್ಲಿ ಗುರುಗಳು ಇಬ್ಬರಲ್ಲ, ನೂರು ಜನ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಯಾವುದಾದರೂ ಒಂದು ಪದ್ಧತಿ ಹಿಡಿದರೆ ಕೆಲವು ತಿಂಗಳು ಅದನ್ನೇ ಹಿಡಿಯಲಿ. ಇಬ್ಬರು ಕಲಿಸುತ್ತಿದ್ದರೆ ಇಬ್ಬರಿಗೂ ಗೊತ್ತಿರಲಿ. ಬೇಜಾರು ಎರಡು ದಿನದ್ದು, ಬೆನ್ನು ಜನ್ಮದ್ದು. ಟೆನಿಸ್ ಬಾಲ್ ಹಗುರ ಇದ್ದರೂ ಓಟ, ಜಿಗಿತ, ಕಾಲಿನ ಪೆಟ್ಟು ಅದೇ, ಅದನ್ನೂ ಎಣಿಸಿ. ಬೆನ್ನುನೋವು ಅಂದರೆ "ಬೆಳೆಯೋ ವಯಸ್ಸು, ಹೋಗ್ತದ" ಎನ್ನಬೇಡಿ. ನೋವು ಹೇಳಿದರೆ ಆಟ ನಿಲ್ಲಿಸುತ್ತಾರೆ ಎಂಬ ಹೆದರಿಕೆ ಮಗುವಿಗೆ ಬರದಂತೆ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಆ ಹೆದರಿಕೆ.

ಈಗ ಕ್ಯಾಲೆಂಡರ್ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಎಷ್ಟು ಚೆಂಡು, ಎಲ್ಲಿ, ನೋವು ಇದೆಯೋ ಇಲ್ಲವೋ ಎಂದು ಮೂರು ಕಾಲಮ್. ಮೊದಲು ನಾವು ಬರೆಯುತ್ತಿದ್ದೆವು, ಈಗ ಅವನೇ ಬರೆಯುತ್ತಾನೆ. ಹಳೆಯ ವೇಗ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ, ಅದು ಮುಂದಿನ ಮಾತು.

ನಿನ್ನೆಯ ಸಾಲು ಹೀಗಿದೆ: 18, ಶಾಲೆ, ಇಲ್ಲ.

ರಾತ್ರಿ ನೋಡಿದರೆ ಹಾಸಿಗೆಯ ಮೇಲೇ ಮಲಗಿದ್ದ.